ನಾಲ್ಕನೆಯ ಘಟನೆ

ಟ್ರಿಪೋಲಿಯ ರೇಡಿಯೊ ಕೇಂದ್ರವೊಂದರಲ್ಲಿ ಗಾಲಿಯಾ ‘ಇತಿಹಾಸದಲ್ಲಿ ಈ ದಿನ’ ಓದುತ್ತಿದ್ದಳು. ಎಲ್ಲೋ ಭೂಕಂಪ, ಯಾರಿಗೋ ಪಟ್ಟಾಭಿಷೇಕ, ಇನ್ಯಾವುದೋ ಸಮುದ್ರದಲ್ಲಿ ಹಡಗು ಮುಳುಗಡೆ. ತಾರೀಕು ಒಂದೇ ಎಂಬ ಕಾರಣಕ್ಕೆ ಸಂಬಂಧವೇ ಇಲ್ಲದವರೆಲ್ಲ ಒಂದೇ ಹಾಳೆಯಲ್ಲಿ ಒತ್ತಿಕೊಂಡು ಕೂತಿದ್ದರು. ನಾಲ್ಕನೆಯದಕ್ಕೆ ಬಂದಾಗ ಅವಳ ದನಿ ಒಡೆಯಿತು.

“ಹದಿನಾರು ವರ್ಷಗಳ ಹಿಂದೆ ಇದೇ ದಿನ, ನಗರದ ದೊಡ್ಡ ಜೈಲಿನ ಮೂರನೇ ಅಂಗಳದ ಕೈದಿಗಳನ್ನೆಲ್ಲ ಗುಂಡಿಟ್ಟು ಕೊಲ್ಲಲಾಯಿತು. ಒಬ್ಬರೂ ಉಳಿಯಲಿಲ್ಲ.”

ಮೂರನೇ ಅಂಗಳದಲ್ಲಿ ಅವಳ ಅಣ್ಣ ಮಿಫ್ತಾಹ್ ಇದ್ದ. ಕೆಲಸ ಹೋದೀತೆಂಬ ಹೆದರಿಕೆಗೆ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಹೊರಬಂದವಳೇ, ಕಾರ್ಯಕ್ರಮ ಬರೆಯುವ ಮುದುಕ ಇದ್ರೀಸನ ಮೇಲೆ ಹರಿಹಾಯ್ದಳು. “ಯಾರು ಸೇರ್ಸಿದ್ದು ಇದನ್ನ?”

“ನಾನೇ ಕಣಮ್ಮಾ. ಜೈಲಿನ ದಫ್ತರ ನಿನ್ನೆ ಸಂಜೆ ಸಿಕ್ತು. ಇಷ್ಟು ವರ್ಷ ಈ ಜಾಗದಲ್ಲಿ ಹಳೇ ಸರ್ಕಾರದ ನಾಯಕರು ಸ್ಟೇಡಿಯಂ ಉದ್ಘಾಟನೆ ಮಾಡಿದ್ದು ಇರ್ತಿತ್ತಲ್ಲ, ಅದನ್ನ ಕಿತ್ತಾಕ್ದೆ.”

ಆ ಸ್ಟೇಡಿಯಂ ಸುದ್ದಿಯನ್ನು ಪ್ರತಿವರ್ಷ ಇದೇ ದಿನ ಸಂಭ್ರಮದಿಂದ ಓದಿದವಳು ಗಾಲಿಯಾಳೇ. ಹಾಗೆ ಓದಬೇಕೆಂಬುದು ಆಗಿನ ಕಟ್ಟಪ್ಪಣೆ.

ಕಳೆದ ವರ್ಷ ಆ ಸರ್ಕಾರ ಬಿದ್ದು ಜೈಲಿನ ಬಾಗಿಲು ತೆರೆದಾಗ ಅಣ್ಣ ಹೊರಬಂದಿರಲಿಲ್ಲ. ಅಮ್ಮ ಮಬ್ರೂಕಾ ಮಾತ್ರ ಜಗ್ಗಿರಲಿಲ್ಲ; ಬೇರೆ ಊರಿನ ಜೈಲಿಗೆ ಸಾಗಿಸಿದ್ದಾರೆ ಎನ್ನುತ್ತಿದ್ದಳು. ಒಮ್ಮೆಯೂ ಭೇಟಿಗೆ ಬಿಡದಿದ್ದರೂ, ತಿಂಗಳಿಗೊಂದು ಸಲ ಮಗನ ಹೆಸರು, ಅಂಗಳದ ಸಂಖ್ಯೆ ಬರೆದ ಬುತ್ತಿಯನ್ನು ಜೈಲಿನ ಗೇಟಿನಲ್ಲಿ ಕೊಟ್ಟು ಬರುತ್ತಿದ್ದಳು. ಸರ್ಕಾರ ಬೀಳುವವರೆಗೂ ಕಾವಲುಗಾರ ಅದನ್ನು ತೆಗೆದುಕೊಂಡಿದ್ದ. ಸತ್ತವನ ಬುತ್ತಿ ಯಾರಾದರೂ ತೆಗೆದುಕೊಳ್ಳುತ್ತಾರಾ? ಅಮ್ಮನ ವಾದ ಅಷ್ಟೇ. ಮನೆಯವರೆಲ್ಲ ಅದನ್ನೇ ನಂಬಿ ಉಸಿರಾಡಿಕೊಂಡಿದ್ದರು.

ಗಾಲಿಯಾ ಏದುಸಿರು ಬಿಡುತ್ತ ಮನೆಗೆ ಬಂದಾಗ ಅಡುಗೆಮನೆಯ ರೇಡಿಯೊ ಹಾಡುತ್ತಿತ್ತು.

“ಅಮ್ಮಾ, ಕೇಳಿದ್ಯಾ?”

“ಕೇಳ್ದೆ. ನಿನ್ ದನಿ ಯಾಕೆ ಹಂಗಾಯ್ತು, ನೆಗಡಿನಾ?”

“ಮೂರನೇ ಅಂಗಳ ಅಂದೆ, ಅಮ್ಮಾ.”

“ನಂಗೇನು ಕಿವುಡಾ? ಸುಳ್ಳು ಅದು. ರೇಡಿಯೋದಲ್ಲಿ ನೀನು ಇಷ್ಟು ವರ್ಷ ನಿಜಾನೇ ಓದಿದ್ಯಾ?”

“ದಫ್ತರ ಸಿಕ್ಕಿದೆ. ಬುತ್ತೀನ ಆ ಕಾವಲಿನವ್ರೇ ತಿಂದ್ರಮ್ಮಾ. ಹದಿನೈದು ವರ್ಷಾನೂ ಅವ್ರೇ ತಿಂದ್ರು.”

ಮಬ್ರೂಕಾ ಒಲೆ ಆರಿಸಿದಳು. ಗೋಡೆ ಹಿಡಿದು ನಿಧಾನಕ್ಕೆ ನೆಲಕ್ಕೆ ಕೂತಳು.

“ಹಂಗಾದ್ರೆ ಎರಡು ವರ್ಷದ ಹಿಂದೆ, ‘ಒಣಮಾಂಸಕ್ಕೆ ಖಾರ ಜಾಸ್ತಿ ಆಯ್ತು, ಹೊಟ್ಟೆ ಉರೀತದೆ ಅಂತಾನೆ ನಿನ್ ಮಗ’ ಅಂದ್ನಲ್ಲೇ ಆ ಗೇಟ್ನೋನು? ಆವತ್ತಿಂದ ನಾನು ಖಾರ ಕಮ್ಮಿ ಹಾಕಿದ್ದು ಯಾರ ಹೊಟ್ಟೆಗೆ?”