ಕೈ ಎತ್ತಿದವಳು

ಕಬಡ್ಡಿ ಫೈನಲ್‌ನ ಕೊನೆಯ ಕ್ಷಣ. ಎರಡೂ ಕಾಲೇಜುಗಳ ಅಂಕ ಸಮವಾಗಿತ್ತು. ಎದುರು ತಂಡದ ರೈಡರ್ ಯಾರನ್ನೂ ಮುಟ್ಟದೆ ಮರಳಿದಳೆಂದು ಅಂಪೈರ್ ಸೀಟಿ ಊದುವಷ್ಟರಲ್ಲಿ, ಈಚೆ ತಂಡದ ಮೂಲೆಯಲ್ಲಿದ್ದ ಹುಡುಗಿ ಕೈ ಎತ್ತಿದಳು.

"ನನ್ನನ್ನು ಮುಟ್ಟಿದಾಳೆ ಸರ್. ನಾನು ಔಟ್."

ಆ ಒಂದು ಅಂಕಕ್ಕೆ ಅವಳ ತಂಡ ಸೋತಿತು.

"ಬಂದಳಪ್ಪಾ ಧರ್ಮದೇವತೆ!" ಅವಳ ಕೋಚ್ ಎಲ್ಲರೆದುರು ಉಗಿದರು. "ಅಂಪೈರಿಗೇ ಕಾಣದ್ದು ನಿಂಗ್ಯಾಕೆ ಬೇಕಿತ್ತು? ಯೂನಿವರ್ಸಿಟಿ ಟೀಮಿಗೆ ನಿನ್ನ ಹೆಸರು ಕಳಿಸಲ್ಲ. ಹೋಗಿ ಭಜನಾ ಮಂಡಳಿ ಸೇರ್ಕೋ."

ಕ್ರೀಡಾನೀತಿಯ ಪಾಠ ಮಾಡುವ ಮೇಷ್ಟ್ರು ನಡುವೆ ಬಂದರು. "ಬೈಬೇಡ್ರೀ. ಪ್ರಾಮಾಣಿಕತೆಯೇ ಅಲ್ವೇ ಆಟದ ತತ್ವ?"

"ತತ್ವ ನಿಮ್ಮ ಕ್ಲಾಸಲ್ಲಿಟ್ಕೊಳ್ಳಿ ಸಾರ್. ಕಪ್ ಅವರ ಬೀರು ಸೇರ್ತು."

ಹುಡುಗಿ ನಲ್ಲಿಯ ಬಳಿ ಹೋಗಿ ಮೊಣಕೈಯ ಗಾಯ ತೊಳೆಯತೊಡಗಿದಳು. ಗೆದ್ದ ತಂಡದ ಆ ರೈಡರ್ ಹಿಂದೆಯೇ ಬಂದು, ತನ್ನ ಕರ್ಚೀಫನ್ನು ಅವಳ ಗಾಯಕ್ಕೆ ಕಟ್ಟಿದಳು.

"ನಾನು ನಿನ್ನ ಮುಟ್ಟೇ ಇಲ್ಲ ಕಣೇ. ಯಾಕೆ ಸುಳ್ಳು ಹೇಳ್ದೆ?"

"ಇವತ್ತು ಸೋತ್ರೆ ಹಾಸ್ಟೆಲಿಂದ ಗಂಟುಮೂಟೆ ಕಟ್ಟು ಅಂತ ನಿಮ್ ಸರ್ ನಿಂಗೆ ಹೇಳ್ತಿದ್ದಿದ್ದು ಕೇಳಿಸ್ತು."