ತುಟಿ ಬಿಚ್ಚದವನು

ಇಗ್ಬೊ ನಾಡಿನ ಒಂದು ಊರಿನಲ್ಲಿ ಓಜೊ ಎಂಬ ಹಿರಿಯ ಪದವಿಗೇರುವವನ ಹಣೆಯನ್ನು ಹಿಂದೆಲ್ಲ ಚೂರಿಯಿಂದ ಗೀರುತ್ತಿದ್ದರು. ನೋವಿಗೆ ಮಿಸುಕಿದವನಿಗೆ, ತುಟಿ ಬಿಚ್ಚಿದವನಿಗೆ ಪದವಿ ಇಲ್ಲ. ಈಗ ಬಿಳಿಮಣ್ಣಿನಲ್ಲಿ ಗೆರೆ ಎಳೆದು ಕೆಂಪು ಟೋಪಿ ತೊಡಿಸಿಬಿಡುತ್ತಾರೆ.

"ಮಣ್ಣು ಬಳಿಸ್ಕೊಳ್ಳೋಕೆ ನಾನೇನು ಗೋಡೆಯಾ? ಚೂರಿ ತರಿಸಿ!" ಎಂದು ಈ ಸಲ ಪದವಿಗೇರಬೇಕಿದ್ದವನು ಹಿರಿಯರ ಮುಂದೆ ಗುಡುಗಿದ.

ಆ ಕೆಲಸ ಬಲ್ಲವನು ಪಕ್ಕದೂರಿನಲ್ಲಿ ಒಬ್ಬನೇ ಮುದುಕ ಉಳಿದಿದ್ದ. ಕರೆಸಿದರು. ಮುದುಕ ಅವನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗೀರತೊಡಗಿದ. ನೆತ್ತರು ಕಣ್ಣಿಗಿಳಿಯಿತು, ಡೋಲು ಮೊರೆಯಿತು. ಅವನು ಮಿಸುಕಲಿಲ್ಲ.

ಕಡೆಯ ಗೀರಿಗೆ ಬಾಗಿದ ಮುದುಕ ಅವನ ಕಿವಿಯಲ್ಲಿ ಉಸುರಿದ: "ನಮ್ಮೂರಿಗೂ ನಿಮ್ಮೂರಿಗೂ ಆದ ಗಡಿ ಜಗಳದಲ್ಲಿ ನನ್ನ ಮಗನ್ನ ಕಡಿದು ಹಾಕಿದ್ದು ನೀನೇ ಅಂತಾರೆ. ಹೌದೇನೋ?"

ನೆತ್ತರು ತುಂಬಿದ ಕಣ್ಣು ತೆರೆದು ಅವನು ಮುದುಕನತ್ತ ನೋಡಿದ.

"ನಾನಲ್ಲ ಅಂದ್ಬಿಡು, ಸಾಕು. ನಂಬ್ತೀನಿ."

ಅವನು ಕೊಂದಿರಲಿಲ್ಲ. ಆ ದಿನ ಅವನು ಊರಲ್ಲೇ ಇರಲಿಲ್ಲ. ಆದರೂ ನಾಲಗೆಯ ತುದಿಗೆ ಬಂದ ಮಾತನ್ನು ಹಲ್ಲು ಕಚ್ಚಿ ತಡೆದ. ತುಟಿ ಬಿಚ್ಚಿದರೆ ಪದವಿ ಹೋಯಿತು, ಊರಿಗೆ ಊರೇ ನಗುತ್ತದೆ. ಇದೊಂದು ಗೀರು ಮುಗಿದು ಟೋಪಿ ತಲೆಗೇರಲಿ, ಆಮೇಲೆ ಹೇಳಿದರಾಯಿತು.

"ಕಡೇ ಸಲ ಕೇಳ್ತಿದೀನಿ. ಮಾತಾಡೋ." ಮುದುಕ ಚೂರಿಯನ್ನು ಹಣೆಯ ಮೇಲೇ ತಡೆಹಿಡಿದ.

ಅವನು ಬಾಯಿ ಬಿಗಿಹಿಡಿದ.

"ಗಂಡಸು ಅಂದ್ರೆ ಇವನಪ್ಪ! ತುಟಿ ಪಿಟಕ್ ಅನ್ಲಿಲ್ಲ ನೋಡಿ!" ಹಿರಿಯರು ಹೆಮ್ಮೆಯಿಂದ ಕೂಗುತ್ತಿದ್ದಂತೆಯೇ ಮುದುಕನ ಚೂರಿ ಹಣೆಯಿಂದ ಕೊರಳಿಗಿಳಿಯಿತು.