ಸ್ಟ್ರೆಚರಿಗೊಂದು ಜೇಬು

ಸ್ಟ್ರೆಚರಿಗೆ ಜೇಬು ಇಟ್ಟಿರುವುದು ಮೇಸ್ತ್ರಿಯ ಕಣ್ಣಿಗೆ ಬಿದ್ದಾಗ ಲಾರಿ ಆಗಲೇ ಕಾರ್ಖಾನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಅವನು ಸ್ಟ್ರೆಚರ್ ಬಟ್ಟೆಯ ಒಂದು ಸುರುಳಿ ಬಿಚ್ಚಿದ. ತಲೆ ಬರುವ ಕಡೆ, ಎಡ ಅಂಚಿನಲ್ಲಿ, ಅಂಗೈಯಗಲದ ಜೇಬು. ಇನ್ನೊಂದು ಬಿಚ್ಚಿದ. ಅಲ್ಲೂ ಜೇಬು. ಐದನೆಯದಕ್ಕೆ ಕೈ ಹಾಕುವ ಹೊತ್ತಿಗೆ ಅವನ ಮುಖ ಹರಳೆಣ್ಣೆ ಕುಡಿದವನ ಹಾಗಾಗಿತ್ತು.

“ಜೇಬಕ್ಕಾ!”

ಹದಿನಾಲ್ಕು ಹೊಲಿಗೆ ಯಂತ್ರಗಳು ಒಟ್ಟಿಗೆ ಬಾಯಿ ಮುಚ್ಚಿದವು. ಮೂವತ್ತೊಂದು ವರ್ಷ ಆಕೆ ಇಲ್ಲಿ ಪ್ಯಾಂಟಿನ ಜೇಬು ಬಿಟ್ಟರೆ ಬೇರೇನನ್ನೂ ಹೊಲಿದವಳಲ್ಲ; ಹೆಸರು ಬಂದದ್ದೂ ಹಾಗೇ. ಪಕ್ಕದ ದೇಶದೊಳಕ್ಕೆ ಪರರ ದಂಡು ನುಗ್ಗಿದ ಮೇಲೆ ಪ್ಯಾಂಟು ಹೋಗಿ ಸ್ಟ್ರೆಚರ್ ಬಂತು. ಸ್ಟ್ರೆಚರಿಗೆಲ್ಲಿಯ ಜೇಬು? ಅಂಚು ಮಡಿಸಿ, ಸುರುಳಿ ಸುತ್ತಿ, ದಾರ ಕಟ್ಟುವುದಷ್ಟೇ ಆಕೆಯ ಪಾಲಿಗೆ ಉಳಿಯಿತು. ಎರಡು ವಾರ ಕಟ್ಟಿದಳು. ಆಮೇಲೆ ಕೈ ಕೇಳಲಿಲ್ಲ.

“ಅಭ್ಯಾಸಬಲ ಕಣಪ್ಪಾ,” ಎಂದಳು. “ಮೊದಲನೇದಕ್ಕೆ ಗೊತ್ತಾಗದ ಹಾಗೆ ಕೈ ಹೋಗಿಬಿಡ್ತು.”

“ಮಿಕ್ಕ ನೂರಾ ಹತ್ತೊಂಬತ್ತಕ್ಕೆ?”

“ಒಂದಕ್ಕೆ ಇಟ್ಟು ಮಿಕ್ಕವಕ್ಕೆ ಇಡದೇ ಹೋದ್ರೆ ಪಂಕ್ತಿಭೇದ ಆಗಲ್ವಾ?”

ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ನಗಲಿಲ್ಲ. “ಮಾದರಿಗಿಂತ ಒಂದೆಳೆ ದಾರ ಹೆಚ್ಚಿದ್ರೂ ವಾಪಸ್ಸು ಅಂತ ಆರ್ಡರ್ ಕಾಗದದಲ್ಲಿ ಬರೆದಿದ್ದಾರೆ ಅಕ್ಕ. ಎಲ್ಲಾನೂ ಬಿಚ್ಚಿ.”

“ಬಿಚ್ಚಿದ್ರೆ ಸೂಜಿ ತೂತು ಉಳಿಯುತ್ತೆ. ಸಾಲಾಗಿ ತೂತು ಬಿದ್ದ ಬಟ್ಟೆ ಭಾರಕ್ಕೆ ಹರಿಯುತ್ತೆ. ನಿನಗೆ ಗೊತ್ತಿಲ್ವಾ?”

ಅವನಿಗೆ ಗೊತ್ತಿತ್ತು. ಹೊಸದಾಗಿ ಕತ್ತರಿಸಿ ಹೊಲಿಯಬೇಕೆಂದರೆ ಮುಂದಿನ ವಾರದ ಲಾರಿಯೇ ಗತಿ ಎಂಬುದು ಇಬ್ಬರಿಗೂ ಗೊತ್ತಿತ್ತು. ಮೊನ್ನೆ ಟಿ.ವಿ.ಯಲ್ಲಿ ನಾಲ್ಕು ಮಂದಿ, ಸ್ಟ್ರೆಚರ್ ಇಲ್ಲದೆ, ಒಬ್ಬ ಗಾಯಾಳುವನ್ನು ಕಿತ್ತ ಮನೆಬಾಗಿಲಿನ ಮೇಲೆ ಮಲಗಿಸಿ ಹೊತ್ತೊಯ್ಯುತ್ತಿದ್ದರು. ಬಾಗಿಲಿಗೆ ಚಿಲಕ ಹಾಗೇ ಇತ್ತು. ಜೇಬಕ್ಕನಿಗೆ ಆ ಚಿಲಕ ನೆನಪಾಯಿತು. ನೂರಿಪ್ಪತ್ತು ಜನ, ಒಂದು ವಾರ, ತನ್ನ ಕೈಯ ಚಪಲ.

“ಏನು ಪಂಚಾಯಿತಿ?” ಎನ್ನುತ್ತಾ ಲಾರಿಯವನು ಒಳಗೆ ಬಂದ. ಆ ದೇಶದವನೇ, ಯುದ್ಧಕ್ಕೆ ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ದಪ್ಪ ಗಾಜಿನ ಕನ್ನಡಕ, ತುಸು ಕುಂಟುವ ಎಡಗಾಲು. ಮಾಲು ಒಪ್ಪುವುದೂ ಬಿಡುವುದೂ ಅವನ ಸಹಿಯ ಮೇಲಿತ್ತು. ಮೇಸ್ತ್ರಿ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ, “ನೀವೇ ತೀರ್ಮಾನ ಮಾಡಿ ಮೇಷ್ಟ್ರೇ,” ಎಂದ.

“ನಾನೊಬ್ಬನೇ? ನಮ್ಮಲ್ಲಿ ಚರಂಡಿ ಎಲ್ಲಿ ತೋಡಬೇಕು ಅನ್ನೋದಕ್ಕೂ ಕೈ ಎತ್ತಿಸ್ತೀವಿ. ಅದೊಂದು ಚಟ. ನಮ್ಮ ಮೇಲೆ ಬಿದ್ದಿದ್ದಾನಲ್ಲ ದೊಡ್ಡಣ್ಣ, ಅವನಿಗೆ ಹೊಟ್ಟೆಯುರಿ ಇರೋದೇ ಅದಕ್ಕೆ.” ಮೇಷ್ಟ್ರು ಚಪ್ಪಲಿ ಬಿಟ್ಟ. “ಅದಕ್ಕೆ ಮುಂಚೆ ಒಂದು ಸಲ ಮಲಗಿ ನೋಡ್ತೀನಿ. ಎತ್ತಿ.”

ಬಟ್ಟೆಯ ಎರಡೂ ಅಂಚಿಗೆ ಕೋಲು ತೂರಿಸಿ ನಾಲ್ವರು ಹೆಂಗಸರು ಅವನನ್ನು ಎತ್ತಿದರು. “ಮೇಷ್ಟ್ರು ನೋಡೋಕೆ ಕಡ್ಡಿ, ತೂಕ ಮಾತ್ರ ಗುಂಡುಕಲ್ಲು!” ಎಂದಳು ಹಿಂದಿನವಳು. ಅವನು ಒಂದು ಕೈಯಿಂದ ಕನ್ನಡಕ ತೆಗೆದ. ಇನ್ನೊಂದು ಕೈ ತಲೆಯ ಪಕ್ಕ ತಡಕಾಡಿತು. ಜೇಬು ಸಿಕ್ಕಿತು. ಕನ್ನಡಕ ಅದರೊಳಗೆ ಇಳಿಯಿತು. ಸೂರು ನೋಡುತ್ತಾ ಎಷ್ಟು ಹೊತ್ತು ಮಲಗಿದ್ದನೆಂದರೆ ಹೊತ್ತವರು ಕೈ ಬದಲಿಸಬೇಕಾಯಿತು.

“ಕಾಲಿಗೆ ಪೆಟ್ಟು ಬಿದ್ದು ನನ್ನನ್ನ ಹೊತ್ತ ದಿನ ಕನ್ನಡಕ ದಾರೀಲೇ ಎಲ್ಲೋ ಬಿತ್ತು,” ಎಂದ ಕೊನೆಗೆ. “ಹನ್ನೊಂದು ದಿನ ಆಸ್ಪತ್ರೇಲಿ ಎಲ್ಲರ ಮುಖಾನೂ ಬರೀ ಮಂಜು. ನನ್ನನ್ನ ಹೊತ್ತು ತಂದ ನಾಲ್ಕು ಜನ ಬಂದು, ಕೈ ಹಿಡ್ಕೊಂಡು ಮಾತಾಡಿಸಿ ಹೋದ್ರು. ಇವತ್ತು ಅವರು ರಸ್ತೇಲಿ ಎದುರಿಗೆ ಸಿಕ್ಕಿದ್ರೂ ನನಗೆ ಗುರುತು ಹತ್ತಲ್ಲ.”

ಮೇಸ್ತ್ರಿ ಕೆಮ್ಮಿದ. “ಜೇಬು ಇರಲಿ ಅನ್ನೋರು ಕೈ ಎತ್ತಿ,” ಎಂದು ತಾನೇ ಮೊದಲು ಎತ್ತಿದ. ಕೈಗಳು ಎದ್ದವು.

“ನಮ್ಮದೂ ಸೇರಿಸ್ಕೊಳ್ಳಿ!” ಎಂದು ಸ್ಟ್ರೆಚರ್ ಹಿಡಿದವರಲ್ಲೊಬ್ಬಳು ಕೂಗಿದಳು. “ಕೈ ಎತ್ತಿದ್ರೆ ಮೇಷ್ಟ್ರು ನೆಲಕ್ಕೆ!”

ಮೇಷ್ಟ್ರು ಮಲಗಿದಲ್ಲೇ ಕಾಗದ ತರಿಸಿಕೊಂಡ. ಕನ್ನಡಕವಿಲ್ಲದ ಕಣ್ಣಿಗೆ ಗೆರೆ ಕಾಣದು. ಮೇಸ್ತ್ರಿ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದ.

ಕೈ ಖಾಲಿಯಿದ್ದೂ ಎತ್ತದೆ ನಿಂತವಳು ಜೇಬಕ್ಕ ಒಬ್ಬಳೇ. “ನೀನ್ಯಾಕಕ್ಕಾ, ನಿನ್ನ ಜೇಬಿಗೇ ನೀನು ವಿರೋಧವಾ?” ಎಂದ ಮೇಸ್ತ್ರಿ.

ಆಕೆಗೆ ಅದು ಕೇಳಿಸಲಿಲ್ಲ. ಕುತ್ತಿಗೆಯ ಟೇಪು ತೆಗೆದು, ಜೇಬಿನಿಂದ ಹೊರಗೆ ಇಣುಕುತ್ತಿದ್ದ ಕನ್ನಡಕದ ಕಡ್ಡಿಯನ್ನು ಅಳೆಯುತ್ತಿದ್ದಳು. “ಎರಡು ಇಂಚು ಆಳ ಸಾಲದು,” ಎಂದು ತನ್ನಷ್ಟಕ್ಕೇ ಗೊಣಗಿ, ಮೇಜಿನ ಮೇಲಿನ ಹೊಸ ಬಟ್ಟೆಯತ್ತ ಸೀಮೆಸುಣ್ಣ ಹಿಡಿದು ಹೊರಟಳು.